ಬಿಚ್ಚಲು ಬರುವ ಹೆರಳು

ನನಗೆ ನಲವತ್ತಾದಾಗ ನಮ್ಮ ನಾಟಕ ಕಂಪನಿಯ ಕ್ಯಾಂಪು ಜಮಖಂಡಿಯಲ್ಲಿತ್ತು. ನಾಯಕಿ ನಾನೇ, ಆದರೆ ಗಲ್ಲ ಜೋತುಬೀಳತೊಡಗಿತ್ತು. ಕಿವಿಯ ಮುಂದೆ ಕೊಯ್ದು, ಚರ್ಮ ಎಳೆದು ಹೊಲಿಯುತ್ತಾರೆಂದು ಕೇಳಿ ಮುಂಬಯಿಗೆ ಹೋಗಿ ವಿಚಾರಿಸಿ ಬಂದೆ. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ನರಕ್ಕೆ ಪೆಟ್ಟಾದರೆ ತುಟಿ ಸೊಟ್ಟಗಾಗಬಹುದು, ಗಾಯ ಕೀವುಗಟ್ಟಬಹುದು, ಕೆಲವು ವರ್ಷಕ್ಕೆ ಚರ್ಮ ಮತ್ತೆ ಸಡಿಲಾಗುತ್ತದೆ ಎಂದರು. ಆದರೂ ನಾನು ಹಟಮಾರಿ. ಖರ್ಚಿಗೆಂದು ಕೈಯ ಚಿನ್ನದ ಪಾಟಲಿ ಮಾರಲು ಹೊರಟೆ.

ಕಂಪನಿಯಲ್ಲಿ ನನ್ನ ತಲೆ ಬಾಚುತ್ತಿದ್ದ ಮುದುಕಿ ಬನಹಟ್ಟಿಯ ನೇಕಾರರ ಮನೆಯವಳು. "ಮೊದಲ ಇಲ್ಲೆ ಕುಂದರ ಬಾ, ತಂಗಿ" ಎಂದು ಕೂರಿಸಿಕೊಂಡಳು. ಕಿವಿಯ ಮೇಲೆ, ಎರಡೂ ಕಣತಲೆಯ ಕೂದಲನ್ನು ಸಣ್ಣ ಹೆರಳಾಗಿ ಹೆಣೆದು, ಹಿಂದಕ್ಕೆ ಜಗ್ಗಿ, ಮಗ್ಗದ ನೂಲಿನಿಂದ ಬಿಗಿದು, ಮೇಲೆ ಹೂವು ಮುಡಿಸಿದಳು. ಕನ್ನಡಿಯಲ್ಲಿ ಗಲ್ಲ ಮೇಲೆದ್ದಿತ್ತು. ತಲೆ ಸಿಡಿಯುತ್ತಿದ್ದುದರಿಂದ ಅವಳನ್ನು ಬೈದೆ.

"ಆಟ ಮುಗಿಯೂತನಕ ತಡಕೋ, ಆಮ್ಯಾಲೆ ನಾನ ಬಿಚ್ಚತೇನಿ. ಡಾಕ್ಟರ್ ಹೊಲದದ್ದನ್ನ ಯಾರ ಬಿಚ್ಚತಾರ?" ಎಂದಳು.

ಪಾಟಲಿ ಕೈಯಲ್ಲೇ ಉಳಿಯಿತು. ಆ ಹೆರಳುಗಳ ಬಲದಿಂದ ಇನ್ನೂ ಐದು ವರ್ಷ ನಾಯಕಿಯಾದೆ. ತಾಯಿಯ ಪಾತ್ರ ಬಂದ ದಿನ ಅವಳು ಹೆರಳು ಹೆಣೆಯಲಿಲ್ಲ, ಸುಮ್ಮನೆ ಬಾಚಿ ಕಳಿಸಿದಳು. ಜೋತ ಗಲ್ಲಕ್ಕೆ ಅಂದು ಬಿದ್ದ ಚಪ್ಪಾಳೆಯಲ್ಲಿ ಅರ್ಧ ಅವಳದು.