ಲಗೇಜಮ್ಮನ ಗಿಳಿಗೆ ಆಟದ ಸ್ಟ್ಯಾಂಡು

ಬಸ್ ನಿಲ್ದಾಣದ ಲಗೇಜು ಕೋಣೆಯಲ್ಲಿ ಕೂದಲು ಕಪ್ಪಗಿದ್ದಾಗ ಕೂತವಳು ಪೂರ್ತಿ ಬೆಳ್ಳಗಾದ ಮೇಲೆಯೇ ಎದ್ದದ್ದು. ಹೆತ್ತವರು ಇಟ್ಟ ಹೆಸರೊಂದು ಅವಳಿಗೂ ಇದ್ದೀತು. ಪಿಂಚಣಿ ಕಚೇರಿಯವರನ್ನು ಬಿಟ್ಟು ಬೇರೆ ಯಾರೂ ಅದನ್ನು ಬಳಸಿದ್ದನ್ನು ನಾನು ಕೇಳಿಲ್ಲ. ಡ್ರೈವರುಗಳಿಗೆ, ಹಮಾಲಿಗಳಿಗೆ, ಎದುರು ಸಾಲಿನ ಅಂಗಡಿಯವರಾದ ನಮಗೆ ಅವಳು ಲಗೇಜಮ್ಮ. ನನ್ನದು ಹಕ್ಕಿ ಸಾಮಾನಿನ ಅಂಗಡಿ. ಗಲ್ಲಾದಲ್ಲಿ ಕೂತರೆ ಅವಳ ಕಿಟಕಿ ನೇರ ಕಾಣುತ್ತಿತ್ತು. ಹಾಗಾಗಿ ವ್ಯಾಪಾರವಿಲ್ಲದ ಹೊತ್ತಿನಲ್ಲಿ ನನಗೆ ಅವಳೇ ಕಾಲಕ್ಷೇಪ.

ಒಂದೇ ಸಂಖ್ಯೆಯ ಎರಡು ಹಿತ್ತಾಳೆ ಬಿಲ್ಲೆಗಳಲ್ಲಿ ಒಂದನ್ನು ಸಾಮಾನಿಗೆ ಕಟ್ಟುವುದು, ಇನ್ನೊಂದನ್ನು ಯಜಮಾನನ ಕೈಗೆ ಕೊಡುವುದು, ಅವಳ ಕೆಲಸ ಇಷ್ಟೇ. ಬಿಲ್ಲೆ ತಂದವನಿಗೆ ಸಾಮಾನು. ತಿಂಗಳಾದರೂ ಬರದವನದು ಹರಾಜು. ಕೆಲಸ ಇಷ್ಟೇ ಆದರೂ ಅವಳು ಅದರಲ್ಲೊಂದು ಭವಿಷ್ಯ ಹೇಳುವ ವಿದ್ಯೆ ಕಲಿತುಬಿಟ್ಟಿದ್ದಳು. ಯಾರು ವಾಪಸು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಅವರು ಬೆನ್ನು ತಿರುಗಿಸುವ ಮೊದಲೇ ಹೇಳುತ್ತಿದ್ದಳು.

"ಅದರಲ್ಲೇನಿದೆ ಸಾಹುಕಾರ," ಎನ್ನುತ್ತಿದ್ದಳು ನನಗೆ. ನಾನು ಸಾಹುಕಾರನಲ್ಲ; ಅದು ಅವಳ ಕುಹಕ. "ಬರೋನು ಬಿಲ್ಲೆನ ಜೇಬಿಗೆ ಹಾಕಿ ಮೇಲಿಂದ ಒಂದ್ಸಲ ತಟ್ಟಿ ನೋಡ್ಕೋತಾನೆ. ಬರದೇ ಇರೋನು ತಟ್ಟಲ್ಲ."

ಕರುಣೆ ಎಂಬುದು ಅವಳ ಅಂಗಡಿಯಲ್ಲಿ ಇಡದ ಸರಕು. ಹರಾಜು ಮುಗಿದ ಮಾರನೇ ದಿನ ಒಬ್ಬ ಹೆಂಗಸು ಬಿಲ್ಲೆ ಹಿಡಿದು ಓಡಿ ಬಂದಳು. ಗಂಡನ ಕೋಟುಗಳಿದ್ದ ಸೂಟ್‌ಕೇಸು ಬೇಕಿತ್ತಂತೆ.

"ನಿನ್ನೆ ಬರಬೇಕಿತ್ತು," ಎಂದಳು ಲಗೇಜಮ್ಮ.

"ನಮ್ಮೋರು ಹೋಗ್ಬಿಟ್ರು ಅಮ್ಮಾ, ಅದೇ ಗಲಾಟೆಲಿ ಬರೋಕಾಗ್ಲಿಲ್ಲ."

"ಮತ್ತೆ ಕೋಟು ಯಾರಿಗೆ?"

ಆ ಹೆಂಗಸು ಕಿಟಕಿ ಕೆಳಗೇ ಕುಸಿದು ಕೂತಳು. ಲಗೇಜಮ್ಮ ತಲೆ ಹೊರಗೆ ಹಾಕಿ, "ಸ್ವಲ್ಪ ಆ ಕಡೆ ಕೂತ್ಕೊಳ್ಳಿ, ಹಿಂದಿನೋರಿಗೆ ದಾರಿ ಬೇಕು," ಎಂದಳು. ಆ ದಿನದಿಂದ ಅವಳ ಮೇಲೆ ನನಗೆ ಗೌರವ ಹೆಚ್ಚಿತು. ಅಷ್ಟು ಗಟ್ಟಿ ಮನಸ್ಸು ನನಗಿದ್ದಿದ್ದರೆ ನಾನೂ ನಿಜಕ್ಕೂ ಸಾಹುಕಾರನಾಗಿರುತ್ತಿದ್ದೆ.

ಗಿಳಿ ಬಂದದ್ದೂ ಆ ಕಿಟಕಿಯಿಂದಲೇ. ಹೊಸ ಬೂಟಿನ ಒಬ್ಬ ಆಸಾಮಿ ಬಟ್ಟೆ ಮುಚ್ಚಿದ ಪಂಜರ ತಂದು, ಒಳಗೆ ಗೋಡೆ ಗಡಿಯಾರವಿದೆ, ಹುಷಾರು ಎಂದು ಹೇಳಿ ಬಿಲ್ಲೆ ಇಸಿದುಕೊಂಡ. ಜೇಬು ತಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಡಿಯಾರ ಸೀನಿತು. ಜೀವವಿರುವ ಸಾಮಾನನ್ನು ಇಟ್ಟುಕೊಳ್ಳುವಂತಿಲ್ಲ, ಹರಾಜಿಗೂ ಹಾಕುವಂತಿಲ್ಲ. ಲಗೇಜಮ್ಮ ಅದನ್ನು ಮನೆಗೆ ಒಯ್ದಳು. ಹೆಸರು ಗಡಿಯಾರ ಎಂದೇ ಉಳಿಯಿತು. ಪಂಜರಕ್ಕೆ ಕಟ್ಟಿದ್ದ ಬಿಲ್ಲೆಯನ್ನು ಬಿಚ್ಚಿ ಅವಳು ತನ್ನ ಪರ್ಸಿನಲ್ಲಿಟ್ಟುಕೊಂಡಳು. ಕೇಳಿದರೆ, "ಯಜಮಾನ ಬಂದ್ರೆ ಜೋಡಿ ನೋಡಬೇಕಲ್ಲ," ಎನ್ನುತ್ತಿದ್ದಳು. ಅವನು ಬರುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು.

ಮನೆ ಎಂದರೆ ತಮ್ಮನ ಮನೆ. ತಮ್ಮ ಕನ್ನಡಕದ ಅಂಗಡಿಯಲ್ಲಿ ಊರಿನವರ ಕಣ್ಣು ಪರೀಕ್ಷೆ ಮಾಡುವವನು; ಅಕ್ಷರ ಕಾಣುತ್ತಾ, ಈಗ ಕಾಣುತ್ತಾ ಎಂದು ದಿನವಿಡೀ ಕೇಳುವ ಅವನಿಗೆ ಮನೆಯೊಳಗೆ ಏನೂ ಕಾಣದು. ಮೂರನೇ ಮಹಡಿಯ ಆ ಮನೆಯ ಹಾಲಿನಲ್ಲಿ, ಕಿಟಕಿ ಪಕ್ಕ ಲಗೇಜಮ್ಮನ ಕಬ್ಬಿಣದ ಮಂಚ. ಮಂಚದ ತಲೆದೆಸೆಗೆ ಪಂಜರ. ಮದುವೆ ಗಿದುವೆ ಅವಳಿಗೆ ಆಗಿರಲಿಲ್ಲ. ತಮ್ಮನನ್ನು ಓದಿಸಿದ್ದು ಅವಳ ಸಂಬಳವೇ. ಆ ಮಾತನ್ನು ಅವಳು ಎಂದೂ ಎತ್ತಿದವಳಲ್ಲ. ಎತ್ತದೆಯೇ ಎಲ್ಲರಿಗೂ ನೆನಪಿರುವಂತೆ ನೋಡಿಕೊಳ್ಳುತ್ತಿದ್ದಳು.

ಗಡಿಯಾರ ಅವಳಿಂದ ಎರಡು ಮಾತು ಕಲಿತಿತ್ತು. ಬಾಗಿಲಲ್ಲಿ ಚೀಲ ಹಿಡಿದವರು ಯಾರು ಕಂಡರೂ "ಎಷ್ಟು ಸಾಮಾನು?" ಎನ್ನುವುದು. ತಮ್ಮನ ಹೆಂಡತಿ ತಟ್ಟೆ ತಂದಿಟ್ಟರೆ ಸಾಕು, "ಉಪ್ಪಿಲ್ಲ" ಎನ್ನುವುದು. ನೆಂಟರ ಮುಂದೆಯೂ ಅಂದಿತು. ತಮ್ಮನ ಹೆಂಡತಿಯ ಅಮ್ಮನ ಮುಂದೆಯೂ ಅಂದಿತು. ಲಗೇಜಮ್ಮ ಆಗ ಸೆರಗು ಬಾಯಿಗಿಟ್ಟು, "ಹಕ್ಕಿ ಬಾಯಿ, ಮನಸ್ಸಿಗೆ ಹಚ್ಕೋಬೇಡಿ," ಎಂದಳಂತೆ.

ಹೀಗಿರುವಾಗ ಒಂದು ದಿನ ತಮ್ಮನ ಹೆಂಡತಿ ಒಬ್ಬಳೇ ನನ್ನ ಅಂಗಡಿಗೆ ಬಂದಳು. ನಗುವಾಗ ಹಲ್ಲು ಮಾತ್ರ ನಗುವ ಹೆಂಗಸು.

"ಗಿಳಿ ಆಡೋಕೆ ಪ್ಲೇ ಜಿಮ್ ಅಂತ ಸ್ಟ್ಯಾಂಡು ಬರುತ್ತಲ್ಲ, ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು?"

ನನ್ನಲ್ಲಿ ಮೂರು ಬಗೆ ಇದ್ದವು. ಮೇಜಿನ ಮೇಲಿಡುವ ಚಿಕ್ಕದು, ಚಕ್ರವಿರುವ ಸ್ಟ್ಯಾಂಡು, ಮೂರನೆಯದು ಒಣಮರದ ಕೊಂಬೆಗಳನ್ನು ಉದ್ದದ ತಟ್ಟೆಗೆ ನೆಟ್ಟು, ಏಣಿ, ಉಯ್ಯಾಲೆ, ಹಗ್ಗದ ಸೇತುವೆ ಎಲ್ಲ ಜೋಡಿಸಿದ ಒಂದು ಸಣ್ಣ ಕಾಡು. ಅದನ್ನು ತರಿಸಿದ ದಿನದಿಂದ ಅಂಗಡಿಯಲ್ಲಿ ನಾನೇ ಅಡ್ಡಡ್ಡ ನಡೆಯುತ್ತಿದ್ದೆ.

ಅವಳು ಚೀಲದಿಂದ ಬಟ್ಟೆ ಒಣಹಾಕುವ ಹಗ್ಗದ ತುಂಡೊಂದನ್ನು ತೆಗೆದು ಅದರ ಉದ್ದಕ್ಕೆ ಹಿಡಿದು ನೋಡಿದಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಸರಿಹೋಯಿತು.

"ಇದನ್ನ ಇಟ್ರೆ ಪಕ್ಕದಲ್ಲಿ ಇನ್ನೇನೂ ಇಡೋಕೆ ಆಗಲ್ಲ ಅಲ್ವಾ?"

"ಸ್ಟೂಲು ಇಡಬಹುದು."

"ಮಂಚ?"

"ಮಂಚ ಆಗಲ್ಲ."

ಆಗ ಹಲ್ಲಿನ ಜೊತೆ ಕಣ್ಣೂ ಸ್ವಲ್ಪ ನಕ್ಕಿತು. ಉಳಿದದ್ದನ್ನು ಅವಳೇ ಹೇಳಿದಳು. ವ್ಯಾಪಾರಿಯ ಮುಂದೆ ಜನ ಡಾಕ್ಟರ ಮುಂದೆ ಹೇಳದ್ದನ್ನೂ ಹೇಳುತ್ತಾರೆ. ಹೊರಡಿ ಎಂದು ಬಾಯಿಬಿಟ್ಟು ಹೇಳಲು ಗಂಡನಿಗಾಗದು, ಅವಳಿಗೂ ಚೆನ್ನಾಗಿ ಕಾಣದು. ಗೋಡೆಗೆ ಬಣ್ಣ ಹೊಡೆಸುವ ನೆಪದಲ್ಲಿ ಅಕ್ಕನನ್ನು ಬೇರೆ ಊರಿನ ದೊಡ್ಡಮ್ಮನ ಮಗಳ ಮನೆಗೆ ಕಳಿಸುವುದು. ಅಷ್ಟರಲ್ಲಿ ಆ ಜಾಗದಲ್ಲಿ ಇದು ಕೂರುತ್ತದೆ. ಆಮೇಲೆ ಜಾಗವಿಲ್ಲ ಎಂದರೆ ಯಾರ ತಪ್ಪೂ ಅಲ್ಲ. ಆ ಮನೆಯಲ್ಲಿ ಬೆಕ್ಕಿರುವುದರಿಂದ ಗಿಳಿ ಇಲ್ಲೇ.

"ಗಿಳಿ ಉಪ್ಪಿಲ್ಲ ಅನ್ನುತ್ತಂತಲ್ಲ?" ಎಂದೆ.

"ಗುರು ಹೋಗ್ಲಿ. ಶಿಷ್ಯನ್ನ ನಾನು ನೋಡ್ಕೋತೀನಿ. ನಾಳೆ ಅಕ್ಕನ್ನೂ ಕರ್ಕೊಂಡು ಬರ್ತೀನಿ. ಅವರೇ ಆರಿಸಿದ ಹಾಗಿರಲಿ."

ಆಗಲಿ ಎಂದೆ. ಜಾಗ ತಿನ್ನುತ್ತಿದ್ದ ಸರಕು ಹೊರಡುತ್ತದೆ ಎಂದರೆ ಯಾರು ಬೇಡ ಎನ್ನುತ್ತಾರೆ.

ಮಾರನೇ ದಿನ ಮೂವರೂ ಬಂದರು. ಲಗೇಜಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ತನ್ನ ಗಿಳಿಗೆ ತಮ್ಮನ ಹೆಂಡತಿ ತಾನಾಗಿ ಏನೋ ಕೊಡಿಸುತ್ತಾಳೆ ಎಂಬುದು ಅವಳಿಗೆ ಇನ್ನೂ ಅರಗಿರಲಿಲ್ಲ. ಮುಖದಲ್ಲಿ ಸಣ್ಣ ಹುಡುಗಿಯ ಗೆಲುವು.

"ಗಿಳಿಗೂ ಜಿಮ್ಮಂತೆ ಸಾಹುಕಾರ. ನಾಳೆ ಹಲ್ಲುಜ್ಜೋ ಬ್ರಷ್ಷೂ ಮಾರ್ತೀಯ."

"ತರಿಸಿದ್ದೀನಿ, ಕೊಕ್ಕಿಗೆ ಸರಿಹೋಗೋದು ಸಿಗ್ಲಿಲ್ಲ."

ಅವಳು ಚೆನ್ನಾಗಿಯೇ ಆರಿಸಿದಳು. ಕೊಂಬೆಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಎಲ್ಲ ಒಂದೇ ದಪ್ಪವಿದ್ದರೆ ಪಾದ ಹುಣ್ಣಾಗುತ್ತದೆ ಎಂದಳು. ಹಗ್ಗದ ಎಳೆ ಬಿಚ್ಚಿಕೊಂಡಿದ್ದರೆ ಉಗುರು ಸಿಕ್ಕಿಕೊಳ್ಳುತ್ತದೆ ಎಂದು ಎಳೆದು ನೋಡಿದಳು. ಬಣ್ಣ ಬಳಿದದ್ದನ್ನೆಲ್ಲ ಪಕ್ಕಕ್ಕೆ ತಳ್ಳಿದಳು. ಕೊನೆಗೆ ಮೇಜಿನ ಮೇಲಿಡುವ ಚಿಕ್ಕದರ ಮೇಲೆ ಕೈಯಿಟ್ಟಳು.

"ಇದು ಸಾಕು. ರೆಕ್ಕೆ ಕತ್ತರಿಸಿದ ಮುದಿ ಹಕ್ಕಿ. ಮಂಚದ ಪಕ್ಕ ಸ್ಟೂಲ್ ಮೇಲಿಟ್ರೆ ನಾನು ಮಲಗಿದ್ದಲ್ಲಿಂದಲೇ ಕಾಳು ಹಾಕಬಹುದು."

"ಚಿಕ್ಕದಾಯ್ತು ಅಕ್ಕಾ," ಎಂದಳು ತಮ್ಮನ ಹೆಂಡತಿ. "ಪಾಪ, ಅದಕ್ಕೂ ಕೈಕಾಲು ಆಡ್ಸೋಕೆ ಜಾಗ ಬೇಕು. ದೊಡ್ಡದು ನೋಡಿ. ಅಳತೆನೂ ತಂದಿದ್ದೀನಿ."

ಹಗ್ಗದ ತುಂಡು ಹೊರಬಂತು. ಲಗೇಜಮ್ಮ ಅದನ್ನು ಇಸಿದುಕೊಂಡು ಎರಡು ಕೈಯಲ್ಲಿ ಚಾಚಿದಳು, ಮಡಚಿದಳು, ಇನ್ನೊಮ್ಮೆ ಚಾಚಿದಳು. ಜೀವಮಾನವೆಲ್ಲ ಪೆಟ್ಟಿಗೆ ನೋಡಿ ಯಾವ ಹಲಗೆಯ ಮೇಲೆ ಹಿಡಿಸುತ್ತದೆ ಎಂದು ಹೇಳಿದವಳು. ಮುಖದ ಗೆಲುವು ಅಲ್ಲಿಗೇ ಇಳಿಯಿತು.

"ಎಲ್ಲಿಂದ ಎಲ್ಲಿಗೆ ಹಿಡಿದೆ ಇದನ್ನ?"

"ಕಿಟಕಿ ಗೋಡೆ ಅಕ್ಕಾ."

"ಗೋಡೆ ಇನ್ನೂ ಉದ್ದ ಇದೆ. ಇದು ನನ್ನ ಮಂಚದ ಕಾಲಿಂದ ಕಾಲಿಗೆ."

ತಮ್ಮ ತೂಗುಹಾಕಿದ್ದ ಹಕ್ಕಿಯಾಟದ ಗಂಟೆಯೊಂದನ್ನು ಬೆರಳಲ್ಲಿ ತಳ್ಳಿ, ಅದು ಟಿಣ್ ಎಂದದ್ದಕ್ಕೆ ತಾನೇ ಬೆಚ್ಚಿದ.

"ನೀನು ಹೇಳೋ," ಎಂದಳು ಅವನಿಗೆ. "ಚಿಕ್ಕದೋ, ದೊಡ್ಡದೋ?"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಒರೆಸಿದ್ದನ್ನೇ ಒರೆಸಿದ. "ಗಿಳಿಗೆ ಯಾವುದು ಒಳ್ಳೇದೋ ಅದು ಅಕ್ಕ."

ಅವಳು ಅವನನ್ನು ಬಿಟ್ಟು ನನ್ನತ್ತ ತಿರುಗಿದಳು. "ಗಿಳಿಗೆ ಯಾವುದು ಒಳ್ಳೇದು ಸಾಹುಕಾರ?"

"ದೊಡ್ಡದರಲ್ಲಿ ಓಡಾಡೋಕೆ ಜಾಗ ಜಾಸ್ತಿ," ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಲಗೇಜಮ್ಮ ಹಗ್ಗವನ್ನು ಸುರುಳಿ ಸುತ್ತಿ ತಮ್ಮನ ಹೆಂಡತಿಯ ಕೈಯಲ್ಲಿಟ್ಟಳು. "ಹಾಗಾದ್ರೆ ದೊಡ್ಡದೇ ಹಾಕು. ಇದಕ್ಕೆ ಗಂಟೆ ಎಷ್ಟು ಕಟ್ಟಬಹುದು?"

"ಕೊಂಬೆಗೊಂದು."

"ಕೊಂಬೆಗೆ ಎರಡು ಕಟ್ಟು. ದಪ್ಪ ಗಂಟೆ. ಬೆಳಕು ಹರಿಯೋ ಮುಂಚೆ ಏಳೋ ಹಕ್ಕಿ, ಆಡ್ಕೊಳ್ಲಿ ಪಾಪ. ದುಡ್ಡು ಇವಳು ಕೊಡ್ತಾಳೆ. ಪ್ರೀತಿಯಿಂದ ಕೊಡಿಸ್ತಿದ್ದಾಳೆ."

ಹಲ್ಲು ನಗುವುದನ್ನು ನಿಲ್ಲಿಸಿತು. ನಾನು ಅಂಗಡಿಯಲ್ಲಿದ್ದ ಗಂಟೆಗಳನ್ನೆಲ್ಲ ಕಟ್ಟಿಕೊಟ್ಟೆ.

ಜೋಡಿಸಲು ನಾನೇ ಅವರ ಮನೆಗೆ ಹೋದೆ. ಮಂಚ ಆಗಲೇ ಬಿಚ್ಚಿಕೊಂಡು ಮೆಟ್ಟಿಲ ಬಳಿ ಗೋಡೆಗೆ ಒರಗಿತ್ತು. ಹಾಲಿನಲ್ಲಿ ಬಣ್ಣದ ಡಬ್ಬಿ ಒಂದಿತ್ತು, ಬ್ರಷ್ಷು ಇರಲಿಲ್ಲ. ಆ ನೆಪವನ್ನು ಪೂರ್ತಿ ಮಾಡುವ ಶ್ರಮವನ್ನೂ ಯಾರೂ ತೆಗೆದುಕೊಂಡಿರಲಿಲ್ಲ. ಲಗೇಜಮ್ಮ ತನ್ನ ಟ್ರಂಕಿನ ಮೇಲೆ ಕೂತು ನನ್ನ ಕೆಲಸಕ್ಕೆ ಹೆಸರಿಡುತ್ತಿದ್ದಳು.

"ಆ ಸ್ಕ್ರೂ ಸೊಟ್ಟ ಇದೆ."

"ಬಿಗಿ ಇದೆಯಲ್ಲ."

"ನಿನ್ನ ಕೆಲಸ ಬಿಗಿ, ಕಣ್ಣು ಸೊಟ್ಟ. ನನ್ನ ತಮ್ಮನ ಹತ್ರ ತೋರಿಸ್ಕೋ."

ಎಲ್ಲ ಮುಗಿದ ಮೇಲೆ ಗಡಿಯಾರವನ್ನು ಕೊಂಬೆಯ ಮೇಲೆ ಬಿಟ್ಟಳು. ಅದು ಏಣಿಯನ್ನು ನೋಡಿತು, ಉಯ್ಯಾಲೆಯನ್ನು ನೋಡಿತು, ಕಾಲಿಂದ ಕಾಲಿಗೆ ಸರಿಯುತ್ತ ಕೆಳಗಿಳಿದು ನೆಲಕ್ಕೆ ಬಂತು. ಮಂಚದ ಕಾಲು ಊರಿದ್ದ ಕಡೆ ನೆಲದಲ್ಲಿ ಕಂದು ಕಲೆ ಉಳಿದಿತ್ತು. ಅಲ್ಲಿ ಹೋಗಿ ಕೊಕ್ಕಿನಿಂದ ಕುಟ್ಟತೊಡಗಿತು. ತಮ್ಮನ ಹೆಂಡತಿ ಪೊರಕೆಯ ಹಿಡಿಯಿಂದ ಅದನ್ನು ಎಬ್ಬಿಸಿ ಮತ್ತೆ ಮೇಲೇರಿಸಿದಳು. ಅದು ಮತ್ತೆ ಇಳಿಯಿತು. ಮತ್ತೆ ಏರಿಸಿದಳು.

ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ತಮ್ಮ ಟ್ರಂಕು ಎತ್ತಿಕೊಂಡು ಬಾಗಿಲಿಗೆ ಹೋದ. ಕೊಂಬೆಯಿಂದ ಗಡಿಯಾರ, ತನ್ನ ಗುರುವಿನ ದನಿಯಲ್ಲೇ ಕೇಳಿತು:

"ಎಷ್ಟು ಸಾಮಾನು?"

ಅವನ ಕೈಯಲ್ಲಿ ಟ್ರಂಕು ಒಂದೇ ಇತ್ತು. ಲಗೇಜಮ್ಮ ಚಪ್ಪಲಿ ಮೆಟ್ಟುತ್ತ, ತಿರುಗಿ ನೋಡದೆ, "ಎರಡು," ಎಂದಳು.

ನಾನೂ ನನ್ನ ಸಲಕರಣೆ ಚೀಲ ಹೊತ್ತು ಅವರ ಹಿಂದೆಯೇ ಇಳಿದೆ. ಟ್ಯಾಕ್ಸಿಯ ಬಾಗಿಲಲ್ಲಿ ಅವಳು ಪರ್ಸು ತೆರೆದು ಆ ಹಳೆಯ ಹಿತ್ತಾಳೆ ಬಿಲ್ಲೆ ತೆಗೆದು ತಮ್ಮನಿಗೆ ಚಾಚಿದಳು.

"ತಗೋ. ಬಣ್ಣದ ವಾಸನೆ ಹೋದ ಮೇಲೆ ಇದನ್ನ ತಂದು ತೋರ್ಸು. ಸಾಮಾನು ವಾಪಸ್ ಕೊಡ್ತಾರೆ."

"ಏನಕ್ಕಾ ನೀನು, ತಮಾಷೆ ಮಾಡ್ತೀಯ," ಎಂದು ಅವನು ನಕ್ಕ. ಬಿಲ್ಲೆಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಅವಳು ಸೀಟಿನಲ್ಲಿ ಕೂತು, ಬಾಗಿಲು ಮುಚ್ಚಿದ ಮೇಲೂ ಅವನ ಕೈಯನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಅವನು ಆ ಕೈಯಿಂದ ಟಾಟಾ ಮಾಡಿದ, ಕತ್ತು ಕೆರೆದುಕೊಂಡ, ಬೆವರು ಒರೆಸಿಕೊಂಡ.

ಜೇಬು ತಟ್ಟಲಿಲ್ಲ.

ಬಣ್ಣ ಹೊಡೆಸಲೇ ಇಲ್ಲವಾದ್ದರಿಂದ ಅದರ ವಾಸನೆ ಹೋಗುವ ಪ್ರಶ್ನೆಯೂ ಬರಲಿಲ್ಲ. ಗಿಳಿಯ ಕಾಳು ಒಯ್ಯಲು ಬಂದಾಗಲೆಲ್ಲ ತಮ್ಮನ ಹೆಂಡತಿಯ ಕಣ್ಣು ಊದಿಕೊಂಡಿರುತ್ತಿತ್ತು. ಅಳುವಿಗಲ್ಲ, ಗಂಟೆಗಳಿಗೆ. ನಸುಕಿಗೇ ಶುರುವಂತೆ. ಅಷ್ಟೂ ಗಂಟೆಗಳನ್ನು ನಾನು ವಾಪಸು ತೆಗೆದುಕೊಂಡೆ, ಅರ್ಧ ಬೆಲೆಗೆ. ಬಿಚ್ಚಲು ಮನೆಗೆ ಹೋದಾಗ ಗಡಿಯಾರ ದೊಡ್ಡ ಕೊಂಬೆಯ ಮೇಲೆ ಎದೆಯ ಪುಕ್ಕ ಕಿತ್ತುಕೊಂಡು ಕೂತಿತ್ತು. ನನ್ನ ಚೀಲ ಕಂಡರೂ ಎಷ್ಟು ಸಾಮಾನು ಎಂದು ಕೇಳಲಿಲ್ಲ. ಮಾತೇ ನಿಂತಿದೆ, ಬಹಳ ಒಳ್ಳೆಯದಾಯಿತು ಎಂದಳು ಮನೆಯೊಡತಿ.

ಗಂಟೆಯಿದ್ದ ಕೊಕ್ಕೆ ಖಾಲಿ ಕಾಣುತ್ತದೆಂದು ಅವಳು ಒಳಗಿಂದ ಏನನ್ನೋ ತಂದು ಉಯ್ಯಾಲೆಯ ಮೇಲಿನ ಕೊಕ್ಕೆಗೆ ದಾರದಲ್ಲಿ ಕಟ್ಟಿದಳು.

"ಇವರ ಪ್ಯಾಂಟು ಒಗೆಯೋವಾಗ ಸಿಕ್ತು. ಹಿತ್ತಾಳೆ ಅನ್ಸುತ್ತೆ. ಕಚ್ಚಿದ್ರೆ ಹಕ್ಕಿಗೆ ಏನೂ ಆಗಲ್ಲ ತಾನೇ?"

ನಾನು ಬಿಲ್ಲೆಯನ್ನು ತಿರುಗಿಸಿ ಸಂಖ್ಯೆ ನೋಡಿದೆ, ಗಂಟು ಎಳೆದು ನೋಡಿದೆ. ಗಟ್ಟಿಯಾಗಿತ್ತು.

"ಏನೂ ಆಗಲ್ಲ," ಎಂದೆ.