ಅವಳ ಸರದಿಯ ಕೈತುತ್ತು

ನನ್ನ ಬಾಯಿ ಜೋರು. ಬಿಟಿಎಂ ಲೇಔಟಿನ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಹೆಣ್ಣುಮಕ್ಕಳ ಪಿಜಿ ನಡೆಸುತ್ತೇನೆ. ಬಾಯಿ ಜೋರಿಲ್ಲದಿದ್ದರೆ ಆ ಎಂಟು ಹುಡುಗಿಯರು ಸೇರಿ ನನ್ನನ್ನೇ ಬಾಡಿಗೆಗೆ ಕೊಟ್ಟುಬಿಡುತ್ತಾರೆ. ಅಂಥವರಲ್ಲಿ ಮೂವರು ಒಂದು ಸಂಜೆ ಅಡುಗೆಮನೆಗೆ ಬಂದು ಪಿಸುಮಾತಿನಲ್ಲಿ ಶುರುಮಾಡಿದಾಗಲೇ ನನಗೆ ಅನುಮಾನ ಬಂತು.

"ಆಂಟಿ, ನಮ್ ರೂಮಿನವಳಿಗೆ ಎಚ್‌ಐವಿ ಇದೆ," ಎಂದಳು ಫಾರ್ಮಸಿ ಓದುವವಳು. "ಅವಳ ಮಾತ್ರೆ ಡಬ್ಬಿ ನೋಡ್ದೆ. ಅವಳನ್ನ ಕಳಿಸ್ಬಿಡಿ. ಇಲ್ಲಾಂದ್ರೆ ನಾವು ಮೂರೂ ಜನ ಖಾಲಿ ಮಾಡ್ತೀವಿ."

ರೂಮಿನವಳು ಎಂದರೆ ಹಾಸನದ ಕಡೆಯ ಹುಡುಗಿ. ಅಪ್ಪ ಅಮ್ಮ ಇಲ್ಲ. ಜಯನಗರದ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಕಾಂ. ಪರೀಕ್ಷೆಗೆ ಮೂರೇ ವಾರ ಉಳಿದಿತ್ತು. ಆಗ ಅವಳು ಊರು ಸೇರಿದ್ದರೆ ಡಿಗ್ರಿ ಕೈಬಿಟ್ಟ ಹಾಗೆಯೇ.

"ಇನ್ನೊಬ್ರ ಡಬ್ಬಿ ಓದೋದನ್ನೇನೇ ನಿಮ್ ಕಾಲೇಜಲ್ಲಿ ಕಲಿಸೋದು?" ಎಂದು ಗದರಿದೆ. "ಒಟ್ಟಿಗೆ ಇದ್ರೆ, ಉಂಡ್ರೆ ಅದು ಬರಲ್ಲ ಅಂತ ನನಗೇ ಗೊತ್ತು. ಯಾರೂ ಎಲ್ಲೂ ಹೋಗ್ಬೇಕಾಗಿಲ್ಲ. ನಡೀರಿ, ಓದ್ಕೊಳ್ಳಿ."

ಮೂವರೂ ತೆಪ್ಪಗೆ ಮೆಟ್ಟಿಲು ಹತ್ತಿದರು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅದೇ ಕೈ ಮರುದಿನ ಏನು ಮಾಡಿತು ಗೊತ್ತೇ? ಆ ಹಾಸನದ ಹುಡುಗಿಗೆಂದೇ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ಬೇರೆ ತೆಗೆದು, ಅವುಗಳ ತಳಕ್ಕೆ ನೇಲ್ ಪಾಲಿಶಿನಿಂದ ಕೆಂಪು ಚುಕ್ಕಿ ಇಟ್ಟಿತು. ನಮ್ಮಜ್ಜಿಯ ಮನೆಯಲ್ಲಿ ಕೆಲಸದವಳ ಲೋಟ ಹಿತ್ತಲಿನ ಗೂಡಿನಲ್ಲಿ ಬೇರೆ ಇರುತ್ತಿತ್ತು. ಅದನ್ನು ಆಡಿಕೊಂಡು ನಗುತ್ತಲೇ ಬೆಳೆದವಳು ನಾನು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ!

ಮೂರನೆಯ ದಿನ ತಿಂಡಿ ಮುಗಿಸಿ ತಟ್ಟೆ ತೊಳೆಯುವಾಗ ಅವಳಿಗೆ ಅದು ಕಂಡಿತು.

"ಈ ಚುಕ್ಕಿ ಯಾಕಾಂಟಿ?"

"ತಟ್ಟೆ ಕಳೆದುಹೋಗ್ಬಾರ್ದು ಅಂತ ಕಣಮ್ಮ."

"ನಮ್ ದೊಡ್ಡಪ್ಪನ ಮನೇಲೂ ನನ್ನ ತಟ್ಟೆ ಒಂದು ದಿನಾನೂ ಕಳೆದುಹೋಗ್ಲಿಲ್ಲ," ಎಂದು ಅದನ್ನು ಒರೆಸಿಟ್ಟು ಮೇಲೆ ಹೋದಳು.

ನಾನು ಹಿಂದೆಯೇ ಹೋಗುವಷ್ಟರಲ್ಲಿ ಬಟ್ಟೆಗಳನ್ನು ಬ್ಯಾಗಿಗೆ ತುಂಬುತ್ತಿದ್ದಳು. ಮೂವರು ಡಬ್ಬಿ ಓದಿ ದೂರು ತಂದದ್ದನ್ನು ಹೇಳಿಬಿಟ್ಟೆ. ತಪ್ಪಾಯಿತು ಎಂದು ಅತ್ತುಬಿಟ್ಟೆ. ಅವಳು ಅಳಲಿಲ್ಲ.

"ಹುಟ್ಟಿದಾಗಿಂದ ಇದೆ ಆಂಟಿ. ದಿನಾ ಮಾತ್ರೆ ತಗೋತೀನಿ. ಟೆಸ್ಟ್ ಮಾಡಿದ್ರೂ ಕಾಣದಷ್ಟು ಕಮ್ಮಿ ಆಗಿದೆ ವೈರಸ್ಸು. ಮೂರು ವರ್ಷ ಇವರ ಜೊತೇಲೇ ಮಲಗಿದ್ದು, ಉಂಡಿದ್ದು. ಡಬ್ಬಿ ಓದಿದ್ಮೇಲೆ ಅಂಟುರೋಗ ಆಗ್ಬಿಟ್ನಾ?"

ಭಾನುವಾರ ಅಡುಗೆಯವರಿಗೆ ರಜ. ಅವತ್ತು ಮಧ್ಯಾಹ್ನ ಒಬ್ಬ ಹುಡುಗಿ ದೊಡ್ಡ ಬೇಸಿನ್ನಿನಲ್ಲಿ ಅನ್ನ ಹುಳಿ ಕಲಸಿ, ಟೆರೇಸಿನ ಶೀಟಿನ ನೆರಳಲ್ಲಿ ಸುತ್ತ ಕೂತವರ ಅಂಗೈಗೆ ತುತ್ತು ಹಾಕುವುದು ನಮ್ಮ ಪಿಜಿಯ ಪದ್ಧತಿ. ಆ ವಾರ ಅವಳದೇ ಸರದಿ.

"ನಾನೇ ಎಲ್ರಿಗೂ ಹೇಳ್ತೀನಿ," ಎಂದಳು. "ಆಮೇಲೆ ಕಲಸ್ತೀನಿ. ಒಬ್ಬಳು ಕೈ ಹಿಂದಕ್ಕೆ ತಗೊಂಡ್ರೂ ಸಂಜೆ ಬಸ್ಸಿಗೆ ಹೊರಡ್ತೀನಿ. ನೀವು ಯಾರನ್ನೂ ಗದರಿಸ್ಬಾರ್ದು." ಆಗಲಿ ಎಂದು ಮಾತು ಕೊಟ್ಟೆ.

ಭಾನುವಾರ ಎಲ್ಲರೂ ಬಂದು ಕೂತರು. ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿ, "ಈಗ ಕೇಳಿ, ಏನ್ ಬೇಕಾದ್ರೂ ಕೇಳಿ," ಎಂದಳು.

"ಸೊಳ್ಳೆ ಕಚ್ಚಿದ್ರೆ?" ಎಂದಿತು ಒಂದು ದನಿ.

"ಸೊಳ್ಳೆಯಿಂದ ಬರೋ ಹಾಗಿದ್ರೆ ಬಿಟಿಎಂನಲ್ಲಿ ಒಬ್ರೂ ಉಳೀತಿರ್ಲಿಲ್ಲ."

"ಮದುವೆ?"

"ಆಗ್ಬಹುದು. ಮಾತ್ರೆ ತಪ್ಪಿಸ್ದೆ ವೈರಸ್ ಹೀಗೇ ಕಾಣದ ಹಾಗೆ ಇಟ್ಕೊಂಡ್ರೆ ಗಂಡನಿಗೂ ಹರಡಲ್ಲ. ಒಳ್ಳೆ ಹುಡುಗ ಸಿಗೋದು ಮಾತ್ರ ನಿಮ್ಮಷ್ಟೇ ಕಷ್ಟ."

ನಗು ಬಂತು. ಎಲ್ಲರಿಗೂ ಅಲ್ಲ. ಫಾರ್ಮಸಿಯವಳು ಎರಡೂ ಕೈ ಮಡಿಲಲ್ಲಿಟ್ಟು ನೆಲ ನೋಡುತ್ತಿದ್ದಳು.

ಮೊದಲ ತುತ್ತಿಗೆ ನಾನು ಕೈಚಾಚಿದೆ. ಪಕ್ಕದವಳು ಚಾಚಿದಳು, ಅವಳ ಪಕ್ಕದವಳೂ. ದೂರು ತಂದ ಮೂವರಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡು ತೆಗೆದುಕೊಂಡರು. ಕೊನೆಗೆ ಫಾರ್ಮಸಿಯವಳ ಮುಂದೆ ತುತ್ತು ಬಂದು ನಿಂತಿತು. ಹುಳಿ ಬೆರಳ ಸಂದಿಯಿಂದ ತೊಟ್ಟಿಕ್ಕುತ್ತಿತ್ತು. ಗದರಿಸಿ ಆ ಕೈ ಚಾಚಿಸಬಲ್ಲೆ ಎಂದು ನನಗೆ ಗೊತ್ತಿತ್ತು, ಮಾತು ಕೊಟ್ಟಿದ್ದರಿಂದ ತುಟಿ ಕಚ್ಚಿ ಕೂತೆ.

"ನನಗೆ ಎಲ್ಲಾ ಗೊತ್ತಿತ್ತು ಕಣೇ," ಎಂದಳು ಫಾರ್ಮಸಿಯವಳು, ತಲೆ ಎತ್ತದೆ. "ಪರೀಕ್ಷೇಲಿ ಬರೆದೂ ಇದೀನಿ. ಆದ್ರೂ ಹೆದರ್ಕೊಂಡೆ. ಸಾರಿ."

ಅಂಗೈಯನ್ನು ಚೂಡಿದಾರಕ್ಕೆ ಒರೆಸಿಕೊಂಡು ಚಾಚಿದಳು. ತಿಂದಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದೆವು.

"ಉಪ್ಪು ಕಮ್ಮಿ," ಎಂದಳು.

"ಬಾಯ್ಮುಚ್ಕೊಂಡು ತಿನ್ನೇ," ಎಂದಳು ನಮ್ಮ ಹುಡುಗಿ. ಮೂರು ದಿನದಿಂದ ಬರದಿದ್ದ ಅಳು ಆಗ ಬಂತು ಅವಳಿಗೆ. ಅಳುತ್ತಲೇ ಎರಡನೆಯ ಸುತ್ತನ್ನು ಫಾರ್ಮಸಿಯವಳ ಕಡೆಯಿಂದಲೇ ಹಾಕುತ್ತ ಬಂದಳು. ನನ್ನ ಸರದಿ ಬರುವಷ್ಟರಲ್ಲಿ ಬೇಸಿನ್ ಖಾಲಿ! ಹೊಟ್ಟೆ ತುಂಬಲಿಲ್ಲ, ಎದೆ ತುಂಬಿ ಬಂತು. ಗೆದ್ದುಬಿಟ್ಟಳಲ್ಲ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಸಂಜೆ ಆರಕ್ಕೆ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಫಾರ್ಮಸಿಯವಳು.

"ಆಂಟಿ, ಸ್ಟೂಲ್ ಕೊಡಿ. ಅವಳ ಖಾಲಿ ಬ್ಯಾಗನ್ನ ಅಟ್ಟದ ಮೇಲಿಡ್ಬೇಕು."