ಬ್ಯಾಟರಿ ಮಗ್ಗುಲ ಫ್ಯೂಸ್

ಹಿರೇಮಠ ಅಂಕಲ್ ಯಾರ ಮನೆಗೆ ಬಂದರೂ ಮೊದಲು ಕಾರಿನ ಬಾನೆಟ್ ಎತ್ತಿಸುತ್ತಿದ್ದರು. ಕಾಫಿ, ಕುಶಲ ಎಲ್ಲ ಆಮೇಲೆ. ಧಾರವಾಡದವರು, ಡೆಟ್ರಾಯಿಟ್‌ನಲ್ಲಿ ಕಾರುಗಳ ವೈರಿಂಗ್ ವಿನ್ಯಾಸ ಮಾಡಿಯೇ ನಿವೃತ್ತರಾದವರು. ಆಯುಧಪೂಜೆಯ ದಿನ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಬಡಾವಣೆಯ ಮನೆಗಳಿಗೆ ಪುರೋಹಿತರಿಗಿಂತ ಮುಂಚೆ ಟಾರ್ಚ್ ಹಿಡಿದು ಇವರು ಹಾಜರಾಗುತ್ತಿದ್ದರು. ಇವರು ನೋಡಿ ತಲೆಯಾಡಿಸಿದ ಮೇಲೆಯೇ ಟೈರಿನ ಕೆಳಗೆ ನಿಂಬೆಹಣ್ಣು.

ಒಂದು ವರ್ಷ ನನ್ನ ಗಂಡ ರವಿ ಹಬ್ಬದ ಅವಸರದಲ್ಲಿ ಕಾರಿನ ಮುಂದೆ ಎರಡು ಹೆಚ್ಚುವರಿ ದೀಪ ಕೂರಿಸಿದ. ನಸುಕಿನಲ್ಲಿ ಮಗಳನ್ನು ಈಜಿನ ತರಗತಿಗೆ ಕರೆದೊಯ್ಯುವ ದಾರಿಯಲ್ಲಿ ಜಿಂಕೆಗಳ ಕಾಟ. ಕೈಗೆ ಸುಲಭವಾಗಿ ಸಿಗಲೆಂದು ಫ್ಯೂಸನ್ನು ಸ್ಟೀರಿಂಗ್ ಕೆಳಗೆ ಇಟ್ಟಿದ್ದ.

ಅಂಕಲ್ ಬ್ಯಾಟರಿಯಿಂದ ಹೊರಟ ವೈರಿನ ಮೇಲೆ ಬೆರಳಾಡಿಸುತ್ತ ಬಂದರು. "ಫ್ಯೂಸ್ ಎಲ್ಲೈತೋ ರವಿ?"

ರವಿ ಹೆಮ್ಮೆಯಿಂದ ತೋರಿಸಿದ.

"ವಾಚ್‌ಮನ್‌ನ ಗೇಟಿನಾಗ ನಿಲ್ಲಸೂದು ಬಿಟ್ಟು ಅಡಗಿಮನ್ಯಾಗ ಕೂಡಿಸೀಯಲ್ಲೋ! ನಡುವ ಈ ವೈರ್ ತಗಡಿಗೆ ತಿಕ್ಕಿ ಹರೀತಂದ್ರ ಬೆಂಕಿ ಹತ್ತತೈತಿ, ಫ್ಯೂಸಿಗೆ ಗೊತ್ತs ಆಗೂದಿಲ್ಲ. ಬ್ಯಾಟರಿ ಮಗ್ಗಲಕ್ಕ ಇಡು."

"ಅಂಕಲ್, ಪುರೋಹಿತರು ಬಂದ್ಬಿಟ್ಟಿದಾರೆ. ಪೂಜೆ ಆದ್ಮೇಲೆ ಸರಿ ಮಾಡಿಸ್ತೀವಿ," ಎಂದೆ ನಾನು.

"ಕೂಸು ಇದರಾಗ ಕುಂದ್ರತೈತಿಲ್ಲೋ ಯವ್ವಾ? ಅವ್ರು ಚಾ ಕುಡೀಲಿ."

ಪುರೋಹಿತರು ಎರಡು ಸಲ ಚಹಾ ಕುಡಿದರು. ಬಂದವರೆದುರು ನನಗೆ ಅವಮಾನವಾಗಿ ಸಿಟ್ಟು ಬಂದಿತ್ತು. ಅಂಕಲ್ ಬ್ಯಾಟರಿಯ ಸಂಪರ್ಕ ಬಿಚ್ಚಿ, ಅದರಿಂದ ಒಂದು ಗೇಣಿನೊಳಗೇ ಫ್ಯೂಸ್ ಕೂರಿಸಿ, ವೈರು ತಗಡು ದಾಟುವ ತೂತಿಗೆ ರಬ್ಬರ್ ಉಂಗುರ ಹಾಕಿದರು.

"ಇದು ಸುಟ್ರ ದೊಡ್ಡ ಫ್ಯೂಸ್ ಹಾಕಬ್ಯಾಡ್ರಿ ಮತ್ತ. ಯಾಕ ಸುಡ್ತು ಅಂತ ನೋಡ್ರಿ," ಎಂದು ಆ ಫ್ಯೂಸಿಗೂ ಒಂದು ಬೊಟ್ಟು ಕುಂಕುಮ ಹಚ್ಚಿದರು. ನಾನು ಪ್ರಸಾದ ಕೊಟ್ಟೆ, ಥ್ಯಾಂಕ್ಸ್ ಹೇಳಲಿಲ್ಲ.

ಹೋದ ಬೇಸಿಗೆಯಲ್ಲಿ ಅಂಕಲ್ ಹೃದಯಾಘಾತದಿಂದ ತೀರಿಕೊಂಡರು. ಹೆಂಡತಿ ಮೊದಲೇ ಹೋಗಿದ್ದರಿಂದ ನಮ್ಮೆದುರಿನ ಅವರ ಮನೆಗೆ ಬೀಗ ಬಿತ್ತು. ಆ ವರ್ಷದ ಪೂಜೆ ಹೇಳಿದ ಹೊತ್ತಿಗೆ ಶುರುವಾಯಿತು. ಬಾನೆಟ್ ಯಾರೂ ಎತ್ತಲಿಲ್ಲ. ಚೆಂಡುಹೂವಿನ ಹಾರವನ್ನು ನಾನೇ ತೆಳು ಕಬ್ಬಿಣದ ತಂತಿಯಿಂದ ಗ್ರಿಲ್ ಹಿಂದಿನ ಲೋಹದ ಪಟ್ಟಿಗೆ ಬಿಗಿದೆ. ಹೂ ಒಣಗಿದ ಮೇಲೆ ಹಾರ ಕಿತ್ತೆಸೆದೆ, ತಂತಿ ಅಲ್ಲೇ ಉಳಿಯಿತು.

ಜನವರಿಯ ಒಂದು ನಸುಕಿನಲ್ಲಿ, ಮಗಳು ಹಿಂದಿನ ಸೀಟಿನಲ್ಲಿರುವಾಗ, ಆ ಎರಡು ದೀಪಗಳು ತಟ್ಟನೆ ಆರಿದವು. ಕಾರು ಮಾತ್ರ ಏನೂ ಆಗದಂತೆ ಓಡುತ್ತಿತ್ತು. "ಮಾಮ್, ಎಕ್ಸ್‌ಟ್ರಾ ಲೈಟ್ಸ್ ಆರ್ ಗಾನ್," ಎಂದಳು ಮಗಳು.

ಮನೆಗೆ ಬಂದು ಬಾನೆಟ್ ಎತ್ತಿದೆ. ನಾನು ಬಿಗಿದ ತಂತಿ ತಿಕ್ಕಿ ತಿಕ್ಕಿ, ಬ್ಯಾಟರಿಯಿಂದ ಗ್ರಿಲ್ ಹಿಂದೆ ಹಾದು ಸ್ಟೀರಿಂಗಿನತ್ತ ಹೋಗುವ ವೈರಿನ ಹೊದಿಕೆ ಹರಿದು ತಾಮ್ರ ಕಾಣುತ್ತಿತ್ತು. ಬ್ಯಾಟರಿ ಮಗ್ಗುಲ ಫ್ಯೂಸ್ ಸುಟ್ಟಿತ್ತು. ಬೇರೇನೂ ಸುಟ್ಟಿರಲಿಲ್ಲ. ಫ್ಯೂಸನ್ನು ಕಿತ್ತು ಕೈಗೆ ತೆಗೆದುಕೊಂಡೆ.

"ಯಾಕೆ ಸುಟ್ಟಿತೆಂದು ನೋಡಿದೆ ಅಂಕಲ್" ಎಂದು ಹೇಳಲು, ಅದನ್ನು ಹಿಡಿದು ಅವರ ಮನೆಯತ್ತ ನಾಲ್ಕು ಹೆಜ್ಜೆ ಹಾಕಿಯೂಬಿಟ್ಟಿದ್ದೆ. ಅವರ ಡ್ರೈವ್‌ವೇಯಲ್ಲಿ ಬಿದ್ದ ಹಿಮ ಬಿದ್ದಂತೆಯೇ ಇತ್ತು.